ದಾಂಪತ್ಯ ಮುರಿದ ಮೇಲೂ ಹೊರದೇಶದಲ್ಲಿ ನೆಲೆ ಉಳಿಸಿಕೊಳ್ಳುವುದು ಹೇಗೆ

ಹೊರದೇಶದಲ್ಲಿರುವ ಮಗಳ ಮದುವೆ ಮುರಿಯಿತೆಂಬ ಫೋನು ಮಲೆನಾಡಿನ ಯಾವ ಮನೆಗೆ ಬಂದರೂ ಅಲ್ಲಿಂದ ಮೊದಲು ಹೊರಡುವ ಮಾತು ಒಂದೇ: "ಹೊರಟು ಬಾ, ಇಲ್ಲಿ ಮನೆ ಇದೆ, ತೋಟ ಇದೆ, ನಿನ್ನ ಒಂದು ತುತ್ತು ಅನ್ನ ನಮಗೆ ಭಾರವಲ್ಲ." ಜರ್ಮನಿಯಲ್ಲಿದ್ದ ನನಗೂ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಿಂದ ಇದೇ ಮಾತು ಬಂದಿತ್ತು. ಅದನ್ನು ಕೇಳಿ ಅತ್ತಿದ್ದೆ, ಅದೇ ರಾತ್ರಿ ಟಿಕೆಟ್ಟನ್ನೂ ಹುಡುಕಿದ್ದೆ. ಆ ಮಾತಿನ ಪ್ರೀತಿ ದೊಡ್ಡದು. ಆದರೆ ಅವಸರದಲ್ಲಿ ಹೊರಟು ಬಂದವರು ಎಷ್ಟೋ ಸಲ ಮರಳಿ ಹೋಗುವ ಹಕ್ಕನ್ನೇ ಕಳೆದುಕೊಂಡಿರುತ್ತಾರೆ ಮತ್ತು ಅದು ಅವರಿಗೆ ತಿಳಿಯುವ ಹೊತ್ತಿಗೆ ಅಡಿಕೆ ಕೊಯ್ಲು ಮುಗಿದು ಆರೇಳು ತಿಂಗಳು ಕಳೆದಿರುತ್ತದೆ. ಮದುವೆಯಿಂದ ಹೊರಬರುವುದು ಬೇರೆ, ದೇಶದಿಂದ ಹೊರಬರುವುದು ಬೇರೆ. ಎರಡನ್ನೂ ಒಂದೇ ದಿನ ತೀರ್ಮಾನಿಸಬೇಕಾಗಿಲ್ಲ ಎಂಬುದನ್ನು ಹೊರಗಿರುವ ಮಗಳೂ ಊರಿನಲ್ಲಿರುವ ತಂದೆತಾಯಿಯರೂ ಒಟ್ಟಿಗೆ ತಿಳಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಂಡತಿಯ ವೀಸಾದ ಮೇಲೆ ಅವಲಂಬಿತನಾಗಿ ಹೋದ ಗಂಡನಿಗೂ ಈ ನಿಯಮಗಳಲ್ಲಿ ಹೆಚ್ಚಿನವು ಹಾಗೆಯೇ ಅನ್ವಯಿಸುತ್ತವೆ.

ಮೊದಲ ಕೆಲಸ ನಿಮ್ಮ ಕೈಯಲ್ಲಿರುವ ಕಾಗದವನ್ನು ನೀವೇ ಓದುವುದು. ನಮ್ಮಲ್ಲಿ ಹೆಚ್ಚಿನ ಹೆಣ್ಣುಮಕ್ಕಳ ವೀಸಾದ ಕೆಲಸವನ್ನು ಮದುವೆಯ ಸಂಭ್ರಮದ ನಡುವೆ ಗಂಡನೋ ಅವನ ಕಂಪನಿಯ ವಕೀಲರೋ ಮಾಡಿಸಿರುತ್ತಾರೆ. ಆದ್ದರಿಂದ ತಮ್ಮ ಪರವಾನಗಿ ಯಾವ ಬಗೆಯದು, ಅದು ಯಾರ ಪರವಾನಗಿಯನ್ನು ಆತುಕೊಂಡಿದೆ, ಎಂದು ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ. ಪಾಸ್‌ಪೋರ್ಟು, ವಾಸದ ಕಾರ್ಡು, ಮದುವೆ ನೋಂದಣಿ ಪತ್ರ, ಮನೆ ಬಾಡಿಗೆಯ ಕರಾರು, ಜಂಟಿ ಬ್ಯಾಂಕ್ ಖಾತೆಯ ಪಟ್ಟಿ, ತೆರಿಗೆಯ ಕಾಗದ, ಇವಿಷ್ಟರ ಚಿತ್ರಗಳನ್ನು ತೆಗೆದು ಗಂಡನಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಹೊಸ ಇಮೇಲ್ ಖಾತೆಗೆ ಕಳಿಸಿಟ್ಟುಕೊಳ್ಳಿ. ಒಂದು ಪ್ರತಿಯನ್ನು ಊರಿಗೂ ಕಳಿಸಿ. ಮೂಲ ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ.

ಲೆಕ್ಕಕ್ಕೆ ಬರುವ ದಿನ ಯಾವುದು

ನ್ಯಾಯಾಲಯದ ತೀರ್ಪು ಬಂದ ದಿನ ಮದುವೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ವಲಸೆಯ ಕಾನೂನು ಹಾಗೆ ತಿಳಿಯಬೇಕೆಂದೇನೂ ಇಲ್ಲ. ಒಂದು ದೇಶಕ್ಕೆ ಗಂಡಹೆಂಡಿರು ಬೇರೆ ವಾಸ ಹೂಡಿದ ದಿನ ಮುಖ್ಯ, ಇನ್ನೊಂದಕ್ಕೆ ಅರ್ಜಿ ಸಲ್ಲಿಸಿದ ದಿನ, ಮತ್ತೊಂದಕ್ಕೆ ತೀರ್ಪಿನ ದಿನ. ನಿಮ್ಮ ದೇಶ ಯಾವ ದಿನವನ್ನು ಹಿಡಿಯುತ್ತದೆ ಎಂಬುದನ್ನು ತಿಳಿಯದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ನಾನು ಅನುಭವದಿಂದ ಬಲ್ಲದ್ದು ಜರ್ಮನಿಯ ರೀತಿ. ಅಲ್ಲಿನ ವಾಸದ ಕಾನೂನಿನ 31ನೆಯ ಕಲಮಿನ ಪ್ರಕಾರ, ದಂಪತಿಗಳು ಜರ್ಮನಿಯ ನೆಲದಲ್ಲಿ ಕಾನೂನುಬದ್ಧವಾಗಿ ಕನಿಷ್ಠ 3 ವರ್ಷ ಒಟ್ಟಿಗೆ ಬಾಳಿದ್ದರೆ, ಮದುವೆ ಮುರಿದ ಮೇಲೆ ಅವಲಂಬಿತರಾಗಿ ಬಂದವರಿಗೆ ಸ್ವಂತ ಹಕ್ಕಿನ ವಾಸದ ಪರವಾನಗಿ 1 ವರ್ಷಕ್ಕೆ ಸಿಗುತ್ತದೆ. ಆ ಒಂದು ವರ್ಷದಲ್ಲಿ ಸರ್ಕಾರದ ನೆರವಿನಲ್ಲಿ ಬದುಕಬೇಕಾಗಿ ಬಂದರೂ ಪರವಾನಗಿಗೆ ಅಡ್ಡಿಯಿಲ್ಲ. ಮುಂದಿನ ನವೀಕರಣಕ್ಕೆ ಸಾಮಾನ್ಯವಾಗಿ ಸ್ವಂತ ದುಡಿಮೆ ತೋರಿಸಬೇಕು. ಇಲ್ಲಿ 3 ವರ್ಷದ ಎಣಿಕೆ ಶಿವಮೊಗ್ಗದ ಛತ್ರದಲ್ಲಿ ಧಾರೆ ಎರೆದ ದಿನದಿಂದ ಶುರುವಾಗುವುದಿಲ್ಲ, ಜರ್ಮನಿಯಲ್ಲಿ ಸಂಸಾರ ಹೂಡಿದ ದಿನದಿಂದ ಶುರುವಾಗುತ್ತದೆ. ಅದು ಮುಗಿಯುವುದೂ ವಿಚ್ಛೇದನದ ದಿನವಲ್ಲ, ದಂಪತಿಗಳಾಗಿ ಬಾಳುವುದನ್ನು ನಿಲ್ಲಿಸಿದ ದಿನ. ಜರ್ಮನಿಯಲ್ಲಿ ವಿಚ್ಛೇದನಕ್ಕೆ ಮೊದಲು ಸಾಮಾನ್ಯವಾಗಿ 1 ವರ್ಷ ಬೇರೆ ಇರಬೇಕಾಗುತ್ತದೆ; ಆ ವರ್ಷ ಈ 3 ವರ್ಷಕ್ಕೆ ಸೇರುವುದಿಲ್ಲ. ಎರಡು ವರ್ಷ ಹತ್ತು ತಿಂಗಳಿಗೆ ಬೇರೆಯಾದವಳ ತೀರ್ಪು ಐದನೆಯ ವರ್ಷದಲ್ಲಿ ಬಂದರೂ ಅವಳ ಲೆಕ್ಕ ಎರಡು ವರ್ಷ ಹತ್ತು ತಿಂಗಳೇ.

ನನ್ನ ಲೆಕ್ಕ 3 ವರ್ಷ 2 ತಿಂಗಳಾಗಿತ್ತು. ಬೇರೆ ಕೋಣೆ ಬಾಡಿಗೆಗೆ ಹಿಡಿದು ಪೌರ ಕಚೇರಿಯಲ್ಲಿ ಹೊಸ ವಿಳಾಸ ನೋಂದಾಯಿಸಿದ ದಿನವೇ ಬೇರೆಯಾದ ದಿನಕ್ಕೆ ಸಾಕ್ಷಿಯಾಯಿತು. ಆದರೆ ನಮ್ಮ ಎರಡೂ ಮನೆಯವರು ಕೂತು ಮಾತಾಡಿ ಊರಿನಲ್ಲೇ ಪರಸ್ಪರ ಸಮ್ಮತಿಯಿಂದ ಮುಗಿಸೋಣ ಎಂದು ತೀರ್ಮಾನಿಸಿದಾಗ ನಾನು ಊಹಿಸದಿದ್ದ ಅಪಾಯ ಅಲ್ಲಿಂದ ಬಂತು. ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನ ಅರ್ಜಿಯಲ್ಲಿ ತಾವು 1 ವರ್ಷದಿಂದ ಬೇರೆ ವಾಸವಾಗಿದ್ದೇವೆ ಎಂದು ಇಬ್ಬರೂ ಪ್ರಮಾಣ ಮಾಡಿ ಹೇಳಬೇಕು. ವಕೀಲರು ಬೇಗ ಅರ್ಜಿ ಹಾಕುವ ಉದ್ದೇಶದಿಂದ, ಅಮ್ಮನ ಆಪರೇಷನ್ನಿಗೆಂದು ನಾನು ಎರಡು ತಿಂಗಳು ಊರಿಗೆ ಬಂದಿದ್ದ ದಿನವನ್ನೇ ಬೇರೆಯಾದ ದಿನವೆಂದು ಬರೆದಿದ್ದರು. ಅವರ ಮಟ್ಟಿಗೆ ಅದು ಕಾಗದ ತುಂಬಿಸುವ ಮಾತು. ನನ್ನ ಮಟ್ಟಿಗೆ ಅದು 3 ವರ್ಷ 2 ತಿಂಗಳನ್ನು 2 ವರ್ಷ 8 ತಿಂಗಳಾಗಿಸುವ ಸಾಲು, ಅದೂ ನನ್ನದೇ ಸಹಿಯ ಮೇಲೆ, ಜೊತೆಗೆ ಸುಳ್ಳು. ನಾಳೆ ಆ ಅರ್ಜಿಯ ಜರ್ಮನ್ ಅನುವಾದ ವಲಸೆ ಕಚೇರಿಯ ಮೇಜಿಗೆ ಹೋದರೆ ಯಾವ ಉತ್ತರ ಕೊಡುವುದು? ತಿದ್ದಿಸಲು ಹೇಳಿ, ನಿಜವಾಗಿ 1 ವರ್ಷ ತುಂಬುವವರೆಗೆ ಕಾದು ಅರ್ಜಿ ಹಾಕಿದೆವು. ಮನೆಯವರಿಗೆ ಆ ಕಾಯುವಿಕೆ ಕಷ್ಟವಾಯಿತು, ನೆಂಟರ ಪ್ರಶ್ನೆಗಳಿಗೆ ಅಪ್ಪ ಉತ್ತರಿಸಬೇಕಾಯಿತು. ಆದ್ದರಿಂದ ಇಂಥ ಅರ್ಜಿಯ ಕರಡನ್ನು ಪ್ರತಿಯೊಂದು ದಿನಾಂಕದ ಮೇಲೂ ಬೆರಳಿಟ್ಟು ಓದಿ. ಊರಿನ ವಕೀಲರಿಗೆ ನಿಮ್ಮ ವೀಸಾದ ಲೆಕ್ಕವನ್ನು ಮೊದಲೇ ತಿಳಿಸಿ.

ಇದನ್ನು ಓದಿ, 3 ವರ್ಷ ತುಂಬುವವರೆಗೆ ಹೇಗಾದರೂ ಒಂದೇ ವಿಳಾಸದಲ್ಲಿ ಇದ್ದುಬಿಡೋಣ ಎಂದು ಯೋಚಿಸುವವರಿಗೆ ಎರಡು ಮಾತು. ಒಂದೇ ಬಾಗಿಲ ಮೇಲೆ ಎರಡು ಹೆಸರು ಇದ್ದ ಮಾತ್ರಕ್ಕೆ ಅದು ಸಹಬಾಳ್ವೆಯಾಗುವುದಿಲ್ಲ, ಕಚೇರಿಗೆ ಸುಳ್ಳು ಹೇಳುವುದು ಅಲ್ಲಿ ಅಪರಾಧ. ಹಾಗೆಯೇ ಹೊಡೆತ ಬಡಿತ ಇರುವ ಮನೆಯಲ್ಲಿ ಕ್ಯಾಲೆಂಡರ್ ನೋಡುತ್ತಾ ಕೂರುವ ಅಗತ್ಯ ಯಾರಿಗೂ ಇಲ್ಲ. ವಿಶೇಷ ಕಷ್ಟದ ಸಂದರ್ಭದಲ್ಲಿ 3 ವರ್ಷದ ಷರತ್ತನ್ನು ಕೈಬಿಡಲು ಅದೇ ಕಲಮು ಅವಕಾಶ ಕೊಡುತ್ತದೆ, ಕೌಟುಂಬಿಕ ಹಿಂಸೆಯನ್ನು ಅದರಲ್ಲಿ ಹೆಸರಿಸಿಯೇ ಹೇಳಿದೆ. 3 ವರ್ಷ ತುಂಬದೆ, ಹಿಂಸೆಯೂ ಇಲ್ಲದೆ ಬೇರೆಯಾದವರಿಗೆ ಉಳಿಯುವುದು ಸ್ವಂತ ವಿದ್ಯೆಯ ದಾರಿ, ಅಂದರೆ ಕೆಲಸದ ಅಥವಾ ಓದಿನ ಪರವಾನಗಿಗೆ ಬದಲಾಯಿಸಿಕೊಳ್ಳುವುದು. ಜರ್ಮನ್ ಪ್ರಜೆಯಾದ ಮಗುವನ್ನು ಸಾಕುತ್ತಿರುವ ತಾಯಿಗೆ ಆ ಮಗುವಿನ ಮೂಲಕವೇ ವಾಸದ ಹಕ್ಕು ಬರುತ್ತದೆ.

ಟಿಕೆಟ್ಟಿನ ವಿಷಯಕ್ಕೆ ಮರಳುತ್ತೇನೆ. ಜರ್ಮನಿಯ ಸಾಮಾನ್ಯ ವಾಸದ ಪರವಾನಗಿ, ಕಚೇರಿಯಿಂದ ಮೊದಲೇ ಹೆಚ್ಚಿನ ಅವಧಿ ಪಡೆಯದೆ 6 ತಿಂಗಳು ಹೊರಗಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ. ಮರಳುವ ಉದ್ದೇಶವಿಲ್ಲದೆ ಹೊರಟಿದ್ದೀರಿ ಎಂದಾದರೆ ಆ 6 ತಿಂಗಳೂ ಬೇಕಿಲ್ಲ. ಅಮೆರಿಕದ ಗ್ರೀನ್ ಕಾರ್ಡ್ (ಕಾಯಂ ವಾಸದ ಕಾರ್ಡು) ಇರುವವರು ಮರುಪ್ರವೇಶದ ಪರವಾನಗಿಯಿಲ್ಲದೆ 1 ವರ್ಷ ಹೊರಗಿದ್ದರೆ ಆ ಕಾರ್ಡನ್ನು ತೋರಿಸಿ ಒಳಹೋಗಲಾಗುವುದಿಲ್ಲ. ಊರಿಗೆ ಬರಲೇಬೇಕಾದರೆ ಮರಳುವ ಟಿಕೆಟ್ಟನ್ನೂ ಕೊಂಡು, ಅಲ್ಲಿನ ಬಾಡಿಗೆ ಮನೆಯನ್ನೋ ಕೆಲಸವನ್ನೋ ಬಿಡದೆ ಬನ್ನಿ.

ಅಮೆರಿಕ

ನಮ್ಮ ಕಡೆಯ ಎಂಜಿನಿಯರುಗಳ ಹೆಂಡತಿಯರಲ್ಲಿ ಬಹಳ ಮಂದಿ ಎಚ್-4 ವೀಸಾದಲ್ಲಿ ಇರುತ್ತಾರೆ. ಈ ವೀಸಾ ನಿಂತಿರುವುದು ಎರಡು ಕಂಬಗಳ ಮೇಲೆ: ಗಂಡನ ಕೆಲಸದ ವೀಸಾವಾದ ಎಚ್-1ಬಿ ಮತ್ತು ಮದುವೆ. ಇಲ್ಲಿ ಲೆಕ್ಕಕ್ಕೆ ಬರುವುದು ವಿಚ್ಛೇದನದ ಅಂತಿಮ ತೀರ್ಪಿನ ದಿನ. ಅಂದಿನಿಂದ ಎಚ್-4 ಸ್ಥಾನಮಾನ ಇಲ್ಲ, ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ ಸಿಗುವ 60 ದಿನಗಳ ಅವಕಾಶದಂಥದ್ದು ವಿಚ್ಛೇದಿತರಿಗೆ ಇಲ್ಲ. ಆದ್ದರಿಂದ ಓದಿನ ಎಫ್-1 ಆಗಲಿ, ಸ್ವಂತ ಎಚ್-1ಬಿ ಆಗಲಿ, ಬದಲಾವಣೆಯ ಅರ್ಜಿ ತೀರ್ಪಿಗೆ ಮೊದಲೇ ಸಲ್ಲಿಕೆಯಾಗಿರಬೇಕು. ಎಚ್-1ಬಿಯ ನೋಂದಣಿ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ನಡೆದು ಕೆಲಸ ಅಕ್ಟೋಬರಿನಿಂದ ಶುರುವಾಗುವುದರಿಂದ ವಿಚ್ಛೇದನದ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ. ಗಂಡ ಸೌಜನ್ಯದವನಾಗಿದ್ದರೆ ತೀರ್ಪಿನ ದಿನವನ್ನು ಕೆಲವು ತಿಂಗಳು ಮುಂದಕ್ಕೆ ಹಾಕಲು ಒಪ್ಪಿಸುವುದು, ಜೀವನಾಂಶದ ಮೊತ್ತಕ್ಕಾಗಿ ಜಗ್ಗಾಡುವುದಕ್ಕಿಂತ ಎಷ್ಟೋ ಸಲ ಹೆಚ್ಚು ಬೆಲೆಬಾಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ಗಂಡನ ಕಂಪನಿಯ ಮೂಲಕ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿರುವಾಗ, ನಿಮ್ಮದು ಮಂಜೂರಾಗುವ ಮೊದಲು ವಿಚ್ಛೇದನವಾದರೆ ನಿಮ್ಮ ಪಾಲಿನ ಅರ್ಜಿ ಬಿದ್ದುಹೋಗುತ್ತದೆ. ಅದೇ ಮಂಜೂರಾದ ಮೇಲೆ ವಿಚ್ಛೇದನವಾದರೆ ಕಾರ್ಡು ನಿಮ್ಮದೇ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, 2 ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಪಡೆದವರಿಗೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡು. ಅದರ ಷರತ್ತು ತೆಗೆಸಲು ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು. ಮದುವೆ ಮುರಿದಿದ್ದರೆ, ಅದು ಪ್ರಾಮಾಣಿಕವಾದ ಮದುವೆಯಾಗಿತ್ತು ಎಂದು ತೋರಿಸಿ ಒಬ್ಬರೇ ಅದೇ ಅರ್ಜಿಯನ್ನು ವಿನಾಯಿತಿಯೊಂದಿಗೆ ಹಾಕಬಹುದು, ಅದಕ್ಕೆ ಆ 90 ದಿನಗಳನ್ನು ಕಾಯಬೇಕಾಗಿಲ್ಲ. ಊರಿನ ಪೆಟ್ಟಿಗೆಯಲ್ಲಿರುವ ಲಗ್ನಪತ್ರಿಕೆ, ಮದುವೆಯ ಆಲ್ಬಂ, ಎರಡೂ ಮನೆಯವರು ಹಬ್ಬದಲ್ಲಿ ಒಟ್ಟಿಗೆ ನಿಂತ ಚಿತ್ರಗಳು ಆಗ ಪುರಾವೆಗಳಾಗುತ್ತವೆ. ಸಿಟ್ಟಿನಲ್ಲಿ ಅವನ್ನು ಸುಟ್ಟುಹಾಕಬೇಡಿ.

ಬ್ರಿಟನ್ ಮತ್ತು ಉಳಿದ ದೇಶಗಳು

ಬ್ರಿಟನ್ನಿನಲ್ಲಿ ಸಂಗಾತಿಯ ವೀಸಾದಲ್ಲಿರುವವರು ಸಂಬಂಧ ಮುರಿದರೆ ಗೃಹ ಇಲಾಖೆಗೆ ತಿಳಿಸಬೇಕು. ನೀವು ತಿಳಿಸದಿದ್ದರೂ ಗಂಡ ತಿಳಿಸಬಹುದು. ಆಮೇಲೆ ಬರುವ ಪತ್ರ ಸಾಮಾನ್ಯವಾಗಿ ವೀಸಾವನ್ನು 60 ದಿನಗಳಿಗೆ ಮೊಟಕುಗೊಳಿಸುತ್ತದೆ, ಆ ಅವಧಿಯೊಳಗೆ ಬೇರೆ ದಾರಿಯ ಅರ್ಜಿ ಹಾಕಬೇಕು. ಬ್ರಿಟಿಷ್ ಮಗುವಿನ ತಾಯಿಗೆ ಪಾಲಕರ ದಾರಿಯಿದೆ, ಪರವಾನಗಿಯುಳ್ಳ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದವರಿಗೆ ಕುಶಲ ಕಾರ್ಮಿಕರ ವೀಸಾ ಇದೆ. ಅಲ್ಲಿನ ಪ್ರಜೆಯ ಅಥವಾ ಕಾಯಂ ವಾಸಿಯ ಸಂಗಾತಿಯಾಗಿದ್ದು ಹಿಂಸೆಯಿಂದ ಮದುವೆ ಮುರಿದವರು ನೇರವಾಗಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಆ ಅರ್ಜಿ ಸಿದ್ಧಪಡಿಸುವವರೆಗೆ ಕೆಲಸ ಮಾಡಲು ಮತ್ತು ಸರ್ಕಾರದ ನೆರವು ಪಡೆಯಲು ಅವಕಾಶವಿರುವ 3 ತಿಂಗಳ ತಾತ್ಕಾಲಿಕ ಅನುಮತಿಯೂ ಇದೆ. ಕೆಲಸದ ಅಥವಾ ಓದಿನ ವೀಸಾದವರ ಸಂಗಾತಿಗಳಿಗೂ 2024ರಿಂದ ಆ 3 ತಿಂಗಳು ಸಿಗುತ್ತದೆ, ಆದರೆ ಅಲ್ಲಿಂದ ಕಾಯಂ ವಾಸಕ್ಕೆ ಆ ದಾರಿ ಅವರಿಗೆ ತೆರೆಯುವುದಿಲ್ಲ.

ಕೆನಡಾದಲ್ಲಿ ಸಂಗಾತಿಯ ಮೂಲಕ ಕಾಯಂ ವಾಸ ಪಡೆದವರ ಮೇಲಿದ್ದ 2 ವರ್ಷದ ಸಹಬಾಳ್ವೆಯ ಷರತ್ತನ್ನು 2017ರಲ್ಲಿ ತೆಗೆದುಹಾಕಿದರು, ಹಾಗಾಗಿ ಅಲ್ಲಿ ಕಾಯಂ ವಾಸ ಸಿಕ್ಕ ಮೇಲೆ ವಿಚ್ಛೇದನದಿಂದ ಅದು ಹೋಗುವುದಿಲ್ಲ. "ನಿನ್ನನ್ನು ವಾಪಸ್ ಕಳಿಸುತ್ತೇನೆ" ಎಂದು ಗಂಡ ಬೆದರಿಸಿದರೆ ಅದು ಹುಸಿ. ಆಸ್ಟ್ರೇಲಿಯಾದ ಸಂಗಾತಿ ವೀಸಾದಲ್ಲಿ ತಾತ್ಕಾಲಿಕ ಹಂತದಲ್ಲಿರುವಾಗ ಸಂಬಂಧ ಮುರಿದರೂ, ಕೌಟುಂಬಿಕ ಹಿಂಸೆ ನಡೆದಿದ್ದರೆ ಅಥವಾ ಇಬ್ಬರ ಮಗುವಿದ್ದರೆ ಕಾಯಂ ಹಂತಕ್ಕೆ ಹೋಗುವ ಅವಕಾಶವಿದೆ. ಯುರೋಪಿಯನ್ ಒಕ್ಕೂಟದ ಒಂದು ದೇಶದ ಪ್ರಜೆಯನ್ನು ಮದುವೆಯಾಗಿ ಒಕ್ಕೂಟದ ಇನ್ನೊಂದು ದೇಶದಲ್ಲಿ ನೆಲೆಸಿದವರಿಗೆ 2004ರ ನಿರ್ದೇಶನ ಅನ್ವಯಿಸುತ್ತದೆ: ವಿಚ್ಛೇದನದ ಪ್ರಕ್ರಿಯೆ ಆರಂಭವಾಗುವ ಹೊತ್ತಿಗೆ ಮದುವೆಗೆ 3 ವರ್ಷ, ಅದರಲ್ಲಿ ಆ ದೇಶದಲ್ಲಿ 1 ವರ್ಷ ಆಗಿರಬೇಕು. ಅಂದರೆ ಅವಸರಪಟ್ಟು ಅರ್ಜಿ ಹಾಕಿದವರೇ ಅಲ್ಲಿ ನಷ್ಟಕ್ಕೆ ಒಳಗಾಗುತ್ತಾರೆ. ಯುಎಇಯಲ್ಲಿ ಗಂಡನ ಪ್ರಾಯೋಜಕತ್ವದಲ್ಲಿದ್ದ ಹೆಣ್ಣುಮಕ್ಕಳಿಗೆ ವಿಚ್ಛೇದನ ಅಥವಾ ಗಂಡನ ಮರಣದ ನಂತರ ಪ್ರಾಯೋಜಕರಿಲ್ಲದೆ 1 ವರ್ಷ ಇರುವ ಅವಕಾಶವನ್ನು 2018ರಲ್ಲಿ ತಂದರು.

ಸಾವಿನಿಂದ ಮದುವೆ ಮುಗಿದವರ ಸ್ಥಿತಿ ಇದಕ್ಕಿಂತ ಸ್ವಲ್ಪ ಮೇಲು. ಒಟ್ಟಿಗೆ ಬಾಳುತ್ತಿರುವಾಗಲೇ ಸಂಗಾತಿ ತೀರಿಕೊಂಡರೆ ಜರ್ಮನಿ 3 ವರ್ಷದ ಷರತ್ತನ್ನು ಕೇಳುವುದಿಲ್ಲ. ಅಮೆರಿಕದ ಪ್ರಜೆಯ ವಿಧವೆ ಅಥವಾ ವಿಧುರ ಆ ಸಾವಿನಿಂದ 2 ವರ್ಷದೊಳಗೆ ಗ್ರೀನ್ ಕಾರ್ಡಿಗಾಗಿ ಸ್ವತಃ ಅರ್ಜಿ ಹಾಕಬಹುದು. ಕ್ರಿಯಾಕರ್ಮಕ್ಕೆ ಊರಿಗೆ ಬಂದವರು ವರ್ಷಾಂತಿಕದವರೆಗೆ ಇಲ್ಲೇ ಉಳಿಯುವ ಮೊದಲು ಈ ಅವಧಿಗಳನ್ನು ನೋಡಿಕೊಳ್ಳಲಿ.

ಹಿಂಸೆ ನಡೆಯುತ್ತಿದ್ದರೆ

ಅಂಥ ಮನೆಯಿಂದ ಮೊದಲು ಹೊರಬನ್ನಿ, ವೀಸಾದ ಮಾತು ಆಮೇಲೆ. ಮೇಲೆ ಹೇಳಿದ ಪ್ರತಿಯೊಂದು ಪಾಶ್ಚಾತ್ಯ ದೇಶದ ಕಾನೂನಿನಲ್ಲೂ ಹಿಂಸೆಗೊಳಗಾದವರಿಗೆ ಒಂದಲ್ಲ ಒಂದು ಪ್ರತ್ಯೇಕ ಬಾಗಿಲಿದೆ. ಅಮೆರಿಕದಲ್ಲಿ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಹೊಂದಿದವನ ಹೆಂಡತಿ ಗಂಡನಿಗೆ ತಿಳಿಯದಂತೆ, ಗ್ರೀನ್ ಕಾರ್ಡಿನ ದಾರಿ ತೆರೆಯುವ ಐ-360 ಅರ್ಜಿಯನ್ನು ತಾನೇ ಹಾಕಬಹುದು, ಹಿಂಸೆಗೆ ಸಂಬಂಧಿಸಿದ ವಿಚ್ಛೇದನವಾದರೆ ತೀರ್ಪಿನ ನಂತರವೂ 2 ವರ್ಷದವರೆಗೆ ಆ ಹಕ್ಕು ಇರುತ್ತದೆ. ಈ ಬಾಗಿಲುಗಳು ತೆರೆಯುವುದು ಪುರಾವೆಯಿಂದ. ವೈದ್ಯರ ಚೀಟಿ, ಪೊಲೀಸರ ವರದಿ, ಬೆದರಿಕೆಯ ಸಂದೇಶಗಳು, ಅದೇ ವಾರ ಅಮ್ಮನಿಗೋ ಗೆಳತಿಗೋ ಕನ್ನಡದಲ್ಲಿ ಬರೆದ ವಾಟ್ಸಾಪ್ ಮಾತುಗಳು ಎಲ್ಲವೂ ಬೇಕಾಗುತ್ತವೆ. ಊರಿನಲ್ಲಿರುವವರು ಆ ಸಂದೇಶಗಳನ್ನು ಅಳಿಸಬಾರದು. ಜರ್ಮನಿಯ ಸಹಾಯವಾಣಿ 116016, ಬ್ರಿಟನ್ನಿನದು 08082000247, ಅಮೆರಿಕದ್ದು 18007997233. ಹಗಲು ರಾತ್ರಿ ಎನ್ನದೆ ಅಲ್ಲಿ ಮಾತಾಡಬಹುದು.

ಊರಿನಿಂದ ಆಗಬೇಕಾದ ಕೆಲಸ

ಸ್ವಂತ ಕಾಲಿನ ಮೇಲೆ ಪರವಾನಗಿ ಪಡೆಯಲು ವಿದ್ಯೆಯ ಕಾಗದಗಳು ಬೇಕು, ಅವು ಹೆಚ್ಚಾಗಿ ತವರಿನ ಬೀರುವಿನಲ್ಲೇ ಉಳಿದಿರುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ್ದಾಗಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ್ದಾಗಲಿ, ಪದವಿ ಪ್ರಮಾಣಪತ್ರ ಮತ್ತು ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳನ್ನು ಹುಡುಕಿ ಸ್ಕ್ಯಾನ್ ಮಾಡಿಸಿ. ಘಟಿಕೋತ್ಸವದ ಪ್ರಮಾಣಪತ್ರ ತಂದೇ ಇಲ್ಲದವರು ಈಗಲೇ ಅರ್ಜಿ ಹಾಕಿ. ಜೋರು ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ದಿನ ನಮ್ಮಪ್ಪ ನನ್ನ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕೊರಿಯರ್ ಮಾಡಿ ಬಂದಿದ್ದರು. ಆ ಲಕೋಟೆಯಿಂದಲೇ ಮುಂದೆ ನನ್ನ ಕೆಲಸದ ಪರವಾನಗಿ ಸಾಧ್ಯವಾಯಿತು. ಮದುವೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಪತ್ರದ ದೃಢೀಕೃತ ನಕಲು, ತೀರ್ಪು ಬಂದ ಮೇಲೆ ಅದರ ದೃಢೀಕೃತ ನಕಲು, ಇವಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟೈಲ್ ಮುದ್ರೆ (ಹೊರದೇಶದಲ್ಲಿ ಕಾಗದ ಅಸಲಿಯೆಂದು ತೋರಿಸುವ ಮುದ್ರೆ) ಬೇಕಾಗಬಹುದು. ಅದಕ್ಕೆ ಮೊದಲು ರಾಜ್ಯಮಟ್ಟದ ದೃಢೀಕರಣವಿರುವುದರಿಂದ ಕೆಲವು ವಾರಗಳನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಹೊರದೇಶದ ನ್ಯಾಯಾಲಯದ ನೋಟಿಸು ಊರಿನ ವಿಳಾಸಕ್ಕೆ ಬಂದರೆ, ಇಂಗ್ಲಿಷಿನಲ್ಲಿದೆ ಎಂದು ಕಪಾಟಿನ ಮೇಲಿಡಬೇಡಿ. ನಮ್ಮ ಸುಪ್ರೀಂ ಕೋರ್ಟು 1991ರ ತೀರ್ಪೊಂದರಲ್ಲಿ, ಹೆಂಡತಿ ಸ್ವಇಚ್ಛೆಯಿಂದ ಒಪ್ಪಿ ಭಾಗವಹಿಸದ, ನಮ್ಮ ವಿವಾಹ ಕಾನೂನಿನಲ್ಲಿಲ್ಲದ ಕಾರಣದ ಮೇಲೆ ಕೊಟ್ಟ ವಿದೇಶಿ ವಿಚ್ಛೇದನವನ್ನು ಇಲ್ಲಿ ಮಾನ್ಯ ಮಾಡಬೇಕಾಗಿಲ್ಲ ಎಂದು ಹೇಳಿದೆ. ಅದು ಇಲ್ಲಿನ ಆಸ್ತಿ, ಜೀವನಾಂಶ, ಮರುಮದುವೆಗಳಿಗೆ ನೆರವಾಗುತ್ತದೆ. ಅಲ್ಲಿನ ವಲಸೆ ಕಚೇರಿ ಮಾತ್ರ ತನ್ನ ದೇಶದ ತೀರ್ಪನ್ನೇ ನೋಡುತ್ತದೆ, ನೀವು ಸುಮ್ಮನಿದ್ದರೆ ಏಕಪಕ್ಷೀಯವಾಗಿ ಬಂದ ತೀರ್ಪಿನಿಂದಲೇ ನಿಮ್ಮ ಎಚ್-4 ಮುಗಿದಿರುತ್ತದೆ. ಎರಡೂ ದೇಶಗಳ ವಕೀಲರಿಗೆ ಆ ನೋಟಿಸು ತಲುಪಬೇಕು. ಇಲ್ಲಿ ಖರ್ಚಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಕಾಯಿದೆಯಡಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು, 15100ಕ್ಕೆ ಫೋನು ಮಾಡಬಹುದು. ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಲು ಹಿಂದೂ ವಿವಾಹ ಕಾಯಿದೆಯ 19ನೆಯ ಕಲಮು ಅವಕಾಶ ಕೊಟ್ಟಿದೆ.

ಮಕ್ಕಳಿದ್ದರೆ ಇನ್ನೊಂದು ಎಚ್ಚರ. ತಂದೆಯ ಲಿಖಿತ ಒಪ್ಪಿಗೆಯಿಲ್ಲದೆ ಮಗುವನ್ನು ಕರೆದುಕೊಂಡು ಊರಿಗೆ ಬಂದರೆ, ಅನೇಕ ದೇಶಗಳಲ್ಲಿ ಅದನ್ನು ಅಪಹರಣವೆಂದು ನೋಡುತ್ತಾರೆ. ಹೀಗೆ ಕರೆತಂದ ಮಕ್ಕಳನ್ನು ಮರಳಿ ಕಳಿಸುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವೆಂಬ ಧೈರ್ಯ ಇಲ್ಲಿರುವಷ್ಟು ದಿನ ಮಾತ್ರ. ಅಲ್ಲಿಗೆ ಮರಳುವ ದಾರಿ ಅದರಿಂದ ಮುಚ್ಚಿಹೋಗಬಹುದು.

ಆಗಲೇ ತವರಿನಲ್ಲಿ ಬಿಟ್ಟುಹೋಗಿದ್ದರೆ

ಹದಿನೈದು ದಿನದ ರಜೆ ಎಂದು ಕರೆತಂದು, ಪಾಸ್‌ಪೋರ್ಟು ಎತ್ತಿಕೊಂಡು ಗಂಡ ಒಬ್ಬನೇ ಹೊರಟುಹೋದ ಕಥೆಗಳು ನಮ್ಮ ತಾಲ್ಲೂಕುಗಳಲ್ಲೂ ಇವೆ. ಅಂಥವರು ಸಂಧಾನಕ್ಕೆಂದು ತಿಂಗಳುಗಟ್ಟಲೆ ಕಾಯುವುದು ಬೇಡ, ಸಂಧಾನ ನಡೆಯುತ್ತಿರುವಾಗಲೇ ಈ ಕೆಲಸಗಳೂ ನಡೆಯಲಿ. ಪಾಸ್‌ಪೋರ್ಟು ಹೋದದ್ದಕ್ಕೆ ಅದೇ ವಾರ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದು, ಅದನ್ನಿಟ್ಟು ಮರುವಿತರಣೆಗೆ ಅರ್ಜಿ ಹಾಕಿ. ಜರ್ಮನಿಯ ಪರವಾನಗಿಯಿದ್ದವರು 6 ತಿಂಗಳು ತುಂಬುವ ಮೊದಲೇ ಅಲ್ಲಿನ ವಲಸೆ ಕಚೇರಿಗೆ ಇಮೇಲ್ ಬರೆದು ನಡೆದದ್ದನ್ನು ತಿಳಿಸಿ, ಅವಧಿ ವಿಸ್ತರಿಸಲು ಕೇಳಿ, ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟಿಗೂ ತಿಳಿಸಲಿ. ಅಮೆರಿಕದ ಗ್ರೀನ್ ಕಾರ್ಡು ಕಳೆದವರು ಹೊರಗೆ ಬಂದು 1 ವರ್ಷ ತುಂಬುವ ಮೊದಲು ಅಮೆರಿಕದ ದೂತಾವಾಸದಲ್ಲಿ ಐ-131ಎ ಅರ್ಜಿ ಸಲ್ಲಿಸಿ ವಿಮಾನ ಹತ್ತುವ ಅನುಮತಿ ಪಡೆಯಬಹುದು. ಬ್ರಿಟನ್ನಿನ ಪ್ರಜೆಯಿಂದಲೋ ಕಾಯಂ ವಾಸಿಯಿಂದಲೋ ಹೀಗೆ ತೊರೆಯಲ್ಪಟ್ಟ ಸಂಗಾತಿಗಳು ಭಾರತದಿಂದಲೇ ಕಾಯಂ ವಾಸದ ಅರ್ಜಿ ಹಾಕುವ ದಾರಿ 2024ರ ಜನವರಿಯಿಂದ ಇದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಗಳಿಗೆಂದೇ ಒಂದು ಘಟಕವಿದೆ, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿದರೆ ಆ ದೇಶದ ನಮ್ಮ ರಾಯಭಾರ ಕಚೇರಿಗೆ ಅದು ಹೋಗುತ್ತದೆ. ದೂರಿನಲ್ಲಿ ಕಣ್ಣೀರಿನ ಕಥೆಗಿಂತ ಮುಂಚೆ ನಾಲ್ಕು ದಿನಾಂಕಗಳನ್ನು ಬರೆಯಿರಿ: ಮದುವೆಯಾದದ್ದು, ಆ ದೇಶಕ್ಕೆ ಮೊದಲು ಕಾಲಿಟ್ಟದ್ದು, ಕೊನೆಯದಾಗಿ ಅಲ್ಲಿಂದ ಹೊರಟದ್ದು, ವಾಸದ ಪರವಾನಗಿ ಮುಗಿಯುವುದು. ಓದುವ ಅಧಿಕಾರಿ ಮೊದಲು ಹುಡುಕುವುದು ಅವನ್ನೇ.